ನಮ್ಮನೆಯವರ ಟಾರ್ಗೆಟ್ಟು

ನಾನು ಊರೊಳಗೆ ಕಾಲಿಟ್ಟರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲವೊಂದಿತ್ತು. ಬನ್ನೂರಿನ ಆಚೆ, ಗದ್ದೆಬಯಲಿನ ನಡುವಿನ ಕೆಲವು ಹಳ್ಳಿಗಳು ಆಗ ನನ್ನ ಪಾಲಿಗಿದ್ದವು. ಬಸ್ಸಿಳಿದು ನಾಲೆ ಏರಿಯ ಮೇಲೆ ನಡೆಯುವಾಗ ಭತ್ತದ ಪೈರಿನ ಮೇಲಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಅದರ ಹಿಂದೆಯೇ ಮೊದಲ ಮನೆಯ ಜಗಲಿಯಿಂದ ಒಂದು ದನಿಯೂ ಬರುತ್ತಿತ್ತು.

“ಟಾರ್ಗೆಟ್ ಬಂತು ಕಣ್ರವ್ವಾ! ಒಳಿಕ್ ಓಗ್ರಿ, ಒಳಿಕ್ ಓಗ್ರಿ!”

ಟಾರ್ಗೆಟ್ ಎಂದರೆ ನಾನೇ. ನಾನು ಉಪಕೇಂದ್ರದ ಆರೋಗ್ಯ ಸಹಾಯಕಿ. ಎದುರಿಗೆ ಎಲ್ಲರೂ ನರ್ಸಮ್ಮ ಎನ್ನುತ್ತಿದ್ದರು, ಹಿಂದಿನಿಂದ ಟಾರ್ಗೆಟ್ ಎನ್ನುತ್ತಿದ್ದರು. ಇಷ್ಟು ಜನ ಹೆಂಗಸರನ್ನು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಕರೆತರಬೇಕು ಎಂದು ಆಗ ನಮಗೆ ಮೇಲಿನಿಂದ ಗೊತ್ತುಮಾಡಿ ಕಳಿಸುತ್ತಿದ್ದರು. ಆ ಲೆಕ್ಕಕ್ಕೆ ಕಚೇರಿಯಲ್ಲಿದ್ದ ಹೆಸರು ಊರಿಗೆ ಬಂದು ನಮಗೇ ಅಂಟಿಕೊಂಡಿತು.

ಈಗ ಈ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ಸಿಕ್ಕಾಗ, ನಿಮ್ಮ ಕಾಲ ಹೇಗಿತ್ತು ಎಂದು ಕೇಳುತ್ತಾರೆ. ಲಸಿಕೆಯ ಡಬ್ಬಿಯಲ್ಲಿ ಮಂಜುಗಡ್ಡೆ ಕರಗುವುದರೊಳಗೆ ಕೊನೆಯ ಊರು ಮುಟ್ಟಲು ಓಡಿದ್ದನ್ನು ಹೇಳಬಹುದು. ಗಾಜಿನ ಸಿರಿಂಜನ್ನು ಸ್ಟವ್ವಿನ ಮೇಲೆ ಕುದಿಸುತ್ತಿದ್ದುದನ್ನೂ ಹೇಳಬಹುದು. ಆದರೆ ನಮ್ಮನೆಯವರು ತೀರಿಕೊಂಡ ಮೇಲೆ ನನಗೆ ನೆನಪಾಗುವುದೆಲ್ಲ ಒಂದೇ ಹೊಳೆಯ ಕಡೆಗೆ ಹರಿದುಹೋಗುತ್ತದೆ. ಅವರನ್ನು ಬಿಟ್ಟು ನನ್ನ ಕೆಲಸದ ವಿಷಯ ಬರೆಯಲು ಕೂತರೆ ಕೈ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ತಿಂಗಳಿಗೊಮ್ಮೆ ತಿ. ನರಸೀಪುರದಲ್ಲಿ ಮೀಟಿಂಗು. ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ, “ಎಷ್ಟು ಕೇಸಮ್ಮಾ?” ಎಂದು ಕೇಳುವರು. ಕಮ್ಮಿ ಲೆಕ್ಕ ಹೇಳಿದವರು ಮೀಟಿಂಗು ಮುಗಿಯುವ ತನಕ ನಿಂತೇ ಇರಬೇಕು. ನಾನು ಹೆಚ್ಚಾಗಿ ನಿಂತವಳೇ. ಸಂಜೆ ಬಸ್ಸಿಗೆ ಹೋಗುವ ಮುಂಚೆ ಹೊಳೆಯ ಮೆಟ್ಟಿಲಿಗೆ ಹೋಗಿ ಮುಖ ತೊಳೆಯುತ್ತಿದ್ದೆ. ಕಾವೇರಿಗೆ ಕಪಿಲೆ ಬಂದು ಸೇರುವ ಜಾಗ ಅದು, ತಿರುಮಕೂಡಲು. ಮಳೆಗಾಲದಲ್ಲಿ ಎರಡು ಬಣ್ಣದ ನೀರು ಸ್ವಲ್ಪ ದೂರ ಅಕ್ಕಪಕ್ಕದಲ್ಲೇ ಹೋಗುತ್ತಿತ್ತು, ಮಾತು ಬಿಟ್ಟವರು ಒಂದೇ ದಾರಿಯಲ್ಲಿ ನಡೆದ ಹಾಗೆ. ಆಮೇಲೆ ಯಾವಾಗಲೋ ಒಂದಾಗುತ್ತಿತ್ತು. ಎಲ್ಲಿ ಒಂದಾಯಿತು ಎಂದು ನನಗೆ ಯಾವತ್ತೂ ಹಿಡಿಯಲಾಗಲಿಲ್ಲ. ನಮ್ಮ ಮನೆ ನಂಜನಗೂಡಿನಲ್ಲಿ, ಇದೇ ಕಪಿಲೆಯ ದಂಡೆಗೆ ಹತ್ತಿರ. ಬೆಳಿಗ್ಗೆ ನಮ್ಮನೆಯವರು ಮುಖ ತೊಳೆದ ನೀರು ಈಗ ನನ್ನ ಕೈಗೆ ಬಂತೇನೋ ಎಂದುಕೊಂಡರೆ ಆ ದಿನದ ಬೈಗುಳ ಸ್ವಲ್ಪ ಇಳಿಯುತ್ತಿತ್ತು.

ನಮ್ಮನೆಯವರಿಗೆ ನಂಜನಗೂಡಿನಲ್ಲಿ ಬಾಳೆಹಣ್ಣಿನ ಮಂಡಿ. ಊರಲ್ಲಿ ಬಾಳೆಮಂಡಿ ಮಾದಪ್ಪ ಎಂದರೆ ಗೊತ್ತು. ರಸಬಾಳೆಯ ಗೊನೆಯನ್ನು ಮೂಸಿ, ಯಾವ ತೋಟದ್ದೆಂದು ಹೇಳುತ್ತಿದ್ದರು. ತಪ್ಪಾದರೆ ಮೂಗು ಕಟ್ಟಿದೆ ಎನ್ನುತ್ತಿದ್ದರು. ನಲವತ್ತು ದಾಟಿದ ಹೊತ್ತಿಗೆ ಒಂದು ಬೆಳಿಗ್ಗೆ ಅವರಿಗೆ ಗೊನೆ ಕಟ್ಟುವ ಬಾಳೆನಾರಿಗೆ ಗಂಟು ಹಾಕಲು ಆಗಲಿಲ್ಲ. ಬೆರಳುಗಳು ಊದಿ ಬಿಗಿದಿದ್ದವು. ಆಮೇಲೆ ಮಣಿಕಟ್ಟು, ಆಮೇಲೆ ಮಂಡಿ, ಪಾದ. ಮೈಸೂರಿನ ಡಾಕ್ಟರು ಸಂಧಿವಾತ ಎಂದರು. ಮಾತ್ರೆಗೆ ಹದ್ದುಬಸ್ತಿನಲ್ಲಿರುತ್ತದೆ, ಪೂರ್ತಿ ಹೋಗುವುದಿಲ್ಲ ಎಂದೂ ಹೇಳಿದರು. ಬಾಳೆಮಂಡಿಯನ್ನು ತಮ್ಮನಿಗೆ ವಹಿಸಿ ನಮ್ಮನೆಯವರು ಮಂಚ ಹಿಡಿದರು. ಬರುಬರುತ್ತಾ ಮಾತೂ ಕಮ್ಮಿಯಾಯಿತು. ಮಾಡಿನ ಗಳುವನ್ನೇ ನೋಡುತ್ತಾ ಮಲಗಿರುತ್ತಿದ್ದರು.

ತೊಂಬತ್ತರ ದಶಕದ ನಡುವೆ ಒಂದು ಮೀಟಿಂಗಿನಲ್ಲಿ, ಇನ್ನು ಮುಂದೆ ಮೇಲಿನಿಂದ ಟಾರ್ಗೆಟ್ ಬರುವುದಿಲ್ಲ, ಯಾರಿಗೆ ಏನು ಬೇಕೆಂದು ನೀವೇ ಊರಿನಲ್ಲಿ ಕೇಳಿ ತಿಳಿದುಕೊಳ್ಳಿ ಎಂದು ಓದಿ ಹೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಅವತ್ತು ನಿಂತಿದ್ದ ನನಗೆ ಕೂರು ಎಂದು ಹೇಳುವುದನ್ನು ಮಾತ್ರ ಮರೆತರು. ಮನೆಗೆ ಬಂದವಳೇ ಚಪ್ಪಲಿ ಬಿಡುತ್ತಾ ಹೇಳಿದೆ.

“ರೀ, ಟಾರ್ಗೆಟ್ ಎತ್ತಾಕ್ಬುಟ್ರು ಕಣ್ರೀ!”

“ಎತ್ತಾಕಿ ಎಲ್ಲಿಟ್ರು?” ಮಂಚದಿಂದ ದನಿ ಬಂತು.

“ಎಲ್ಲಿಟ್ರು ಅಂದ್ರೆ? ಇನ್ಮೇಲೆ ಇಲ್ಲ, ಅಷ್ಟೆ.”

“ಅಂಗಾದ್ರೆ ನಂಗೆ ಕೊಡು.”

“ಏನ್ನ?”

“ಅದೇ, ಟಾರ್ಗೆಟ್ನ. ನಿಂಗೆ ಬ್ಯಾಡ್ದಿದ್ರೆ ನಂಗಿರ್ಲಿ. ಈ ಮನೇಲಿ ಯಾರಿಗಾದ್ರೂ ಒಂದ್ ಇರ್ಬೇಕಲ್ಲ ನರ್ಸಮ್ಮ.”

ಅವರು ತಮಾಷೆ ಮಾಡಿ ಎಷ್ಟೋ ದಿನವಾಗಿತ್ತು. ನಾನು ಅಲ್ಲೇ ಮಂಚದ ಅಂಚಿನಲ್ಲಿ ಕೂತೆ. “ಏನ್ ಟಾರ್ಗೆಟ್ ಬೇಕು ನಿಮ್ಗೆ?” ಎಂದೆ.

“ಕಪಿಲೆ ದಂಡೇಲೇ ನಡ್ಕೊಂಡು ತಿರುಮಕೂಡ್ಲಿಗೆ ಓಗ್ಬೇಕು.”

ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲಾಗದ ಮನುಷ್ಯ. ನಾನು ಕಚೇರಿಯ ಅಭ್ಯಾಸದಲ್ಲಿ, “ಎಷ್ಟ್ ದಿನದೊಳ್ಗೆ?” ಎಂದುಬಿಟ್ಟೆ.

“ಅದ್ನ ಮೇಲಿಂದ ಯಾರೂ ಏಳಂಗಿಲ್ಲ. ಈಗ್ತಾನೆ ನೀನೇ ಏಳ್ದಲ್ಲ.”

ಚಿಕ್ಕಂದಿನಲ್ಲಿ ಅವರು ಸ್ನಾನಘಟ್ಟದಲ್ಲಿ ಬಾಳೆದಿಂಡಿನ ತೆಪ್ಪ ಕಟ್ಟಿ ನೀರಿಗೆ ಬಿಡುತ್ತಿದ್ದರಂತೆ. ಇದು ಎಲ್ಲಿಗೆ ಹೋಗುತ್ತೆ ಎಂದರೆ ಅಪ್ಪ, ತಿರುಮಕೂಡಲಿಗೆ ಎನ್ನುತ್ತಿದ್ದರಂತೆ. ಬಸ್ಸಿನಲ್ಲಿ ಅಲ್ಲಿಗೆ ಎಷ್ಟೋ ಸಲ ಹೋಗಿದ್ದಾರೆ. ಆದರೆ ತೆಪ್ಪ ಹೋದ ದಾರಿಯನ್ನು ನೋಡಿರಲಿಲ್ಲ. ಮಂಚದ ಮೇಲೆ ಮಲಗಿ ಗಳು ನೋಡುತ್ತಿದ್ದಾಗೆಲ್ಲ ಆ ತೆಪ್ಪಗಳೇ ಕಣ್ಣಿಗೆ ಬರುತ್ತಿದ್ದವೆಂದು ಅವತ್ತು ಹೇಳಿದರು. ನಾನು ಆ ಮನುಷ್ಯ ನೋವನ್ನೇ ನೋಡುತ್ತಾ ಮಲಗಿದ್ದಾರೆ ಎಂದುಕೊಂಡಿದ್ದೆ.

ಮೊದಲು ಬಾಗಿಲ ತನಕ. ಆಮೇಲೆ ಬೀದಿಯ ತಿರುವು. ಬಿಸಿನೀರು ಕಾಯಿಸಿ ಕೈಕಾಲು ಅದ್ದಿಸಿ, ಬಿಗಿತ ಬಿಡಲು ಕಾದು, ಬಿಸಿಲೇರುವ ಮುಂಚೆ ಹೊರಡುತ್ತಿದ್ದೆವು. ಎಲ್ಲಿ ನಿಂತರೋ ಅಲ್ಲಿ ಅವರು ಒಂದು ಬಾಳೆನಾರನ್ನು ಗಿಡಕ್ಕೋ ಕಂಬಕ್ಕೋ ಕಟ್ಟಿ ಬರುತ್ತಿದ್ದರು. ಮುಂದಿನ ಸಲ ಅದನ್ನು ಮುಟ್ಟಿ ಮುಂದಕ್ಕೆ ಹೋಗುವುದು. ಗಂಟನ್ನು ತಾವೇ ಹಾಕಬೇಕು, ನಾನು ಕೈ ಹಚ್ಚುವಂತಿಲ್ಲ. ಆ ಬೆರಳುಗಳು ಒಂದು ಗಂಟು ಹಾಕುವಷ್ಟರಲ್ಲಿ ನಾನು ಹೊಳೆಯ ಮೇಲೆ ಹಾರಿ ಹೋಗುವ ಬೆಳ್ಳಕ್ಕಿಗಳನ್ನೆಲ್ಲ ನೋಡಿ ಮುಗಿಸಿರುತ್ತಿದ್ದೆ.

ಸ್ನಾನಘಟ್ಟದಿಂದ ನಿಜವಾದ ನಡಿಗೆ ಶುರುವಾದ ದಿನ ಮೈ ಹಗುರವಾಗಿದೆ ಎಂದು ಉಬ್ಬಿ ಅವರು ನಡೆದೇ ನಡೆದರು. ಮಾತ್ರೆ ಹಿಡಿದಿತ್ತು, ಗಾಳಿ ತಣ್ಣಗಿತ್ತು. ನನಗೂ ಸಾಕು ಎನ್ನಲು ಮನಸ್ಸು ಬರಲಿಲ್ಲ. ಮಾರನೇ ದಿನ ಕೀಲುಗಳೆಲ್ಲ ಕೆಂಪಗೆ ಊದಿಕೊಂಡವು. ಆ ಸಲ ಮಂಚದಿಂದ ಏಳುವ ಹೊತ್ತಿಗೆ ಎದುರುಮನೆಯ ಹುಣಸೆಮರ ಚಿಗುರಿತ್ತು. ಆಗ ಅವರೇ ಒಂದು ನಿಯಮ ಮಾಡಿಕೊಂಡರು.

“ನೋವಾದಾಗ ತಿರುಗುದ್ರೆ ತಡ ಆಗೋಗಿರ್ತದೆ ಕಣೆ. ಚೆನ್ನಾಗೈತೆ ಅನ್ನುವಾಗ್ಲೇ ತಿರುಗ್ಬುಡ್ಬೇಕು.”

ಇದು ಹೇಳಲು ಸುಲಭ. ಮುಂದಿನ ತಿರುವಿನಲ್ಲಿ ಹೊಳೆ ಹೇಗಿರುತ್ತದೋ ಎಂಬ ಆಸೆ ಇರುವಾಗ, ಕಾಲಲ್ಲಿ ಇನ್ನೂ ಶಕ್ತಿ ಇರುವಾಗ ಹಿಂದಕ್ಕೆ ತಿರುಗುವುದು ಬಹಳ ಕಷ್ಟ. ಇಲಾಖೆಯಲ್ಲಿ ನಾನು ಕಲಿತಿದ್ದ ಟಾರ್ಗೆಟ್ಟು ಏರುತ್ತಲೇ ಹೋಗುವಂಥದ್ದು. ಅವರದು ಏರುತ್ತಿತ್ತು, ಇಳಿಯುತ್ತಿತ್ತು, ಕೆಲವು ತಿಂಗಳು ಸುಮ್ಮನೆ ಮಲಗಿರುತ್ತಿತ್ತು. ಇಳಿಸಿದಾಗ ಅವರ ಮುಖ ಸಣ್ಣದಾಗುತ್ತಿರಲಿಲ್ಲ.

ಅಷ್ಟರಲ್ಲಿ ನನಗೆ ಬಿಳಿಗೆರೆಯ ಕಡೆಗೆ ವರ್ಗವಾಯಿತು. ಮನೆಗೆ ಹತ್ತಿರವಾಯಿತು. ರಜೆ ಇದ್ದು ಅವರ ಮೈಯೂ ಒಪ್ಪಿದ ದಿನ ಇಬ್ಬರೂ ಬಸ್ಸು ಹತ್ತಿ, ಹಿಂದಿನ ಗಂಟಿಗೆ ಹತ್ತಿರದ ಊರಿನಲ್ಲಿ ಇಳಿದು, ಹೊಳೆಯ ಕಡೆಗೆ ಹೋಗುತ್ತಿದ್ದೆವು. ಒಣಗಿದ ನಾರು ಕೊಂಬೆಯಲ್ಲಿ ಅಲ್ಲಾಡುತ್ತಾ ನಮಗೆ ಕಾದಿರುತ್ತಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿ ಗಂಟನ್ನು ಕೊಚ್ಚಿಕೊಂಡು ಹೋದರೆ, “ಅದು ನಮ್ಗಿಂತ ಮುಂಚೇನೇ ಓಗಿ ಸೇರ್ಕೊಂಡಿರ್ತದೆ, ಬಾ” ಎನ್ನುತ್ತಿದ್ದರು. ಈಗ ಕಣ್ಣು ಮುಚ್ಚಿದರೆ ಆ ದಿನಗಳೆಲ್ಲ ಒಂದೇ ಬೆಳಗಿನ ಹಾಗೆ ಕಾಣುತ್ತವೆ. ಮಂಜು ನೀರಿನ ಮೇಲೆ ಎದ್ದಿದೆ. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದಾರೆ, ಬಡಿತದ ಸದ್ದು ಕೈ ಮೇಲೆದ್ದ ಮೇಲೆ ಬರುತ್ತದೆ. ಕಬ್ಬು ಹೂಬಿಟ್ಟ ಬಿಳಿ ಸೂಲಂಗಿಯ ನಡುವೆ ನಮ್ಮನೆಯವರ ಟವಲು ನನ್ನ ಮುಂದೆ ಮುಂದೆ ಹೋಗುತ್ತಿದೆ. ಯಾವ ವರ್ಷ, ಯಾವ ಊರು ಎಂದರೆ ಹೇಳಲಾರೆ.

ಸುತ್ತೂರಿನ ಹತ್ತಿರ ಒಂದು ಸಲ ಕುರಿ ಕಾಯುವವನೊಬ್ಬ ನಾರು ಕಟ್ಟುವುದನ್ನು ನೋಡುತ್ತಾ ನಿಂತ.

“ಏನ್ ಸಾ, ಅರಕೆನಾ?”

“ಅರಕೆ ಅಲ್ಲ ಕಣ್ಲಾ, ಟಾರ್ಗೆಟ್ಟು.”

ಅವನು ನಮ್ಮನೆಯವರ ನರೆತ ತಲೆಯನ್ನೂ, ಅರ್ಧ ದಿನದ ರಜೆಯಾದ್ದರಿಂದ ನಾನು ಉಟ್ಟೇ ಬಂದಿದ್ದ ಡ್ಯೂಟಿಯ ಬಿಳಿ ಸೀರೆಯನ್ನೂ ನೋಡಿದ. “ಈ ವಯಸ್ನಲ್ಲಿ ಆಪ್ರೇಸನ್ನಾ ಸಾ? ಬುಟ್ಬುಡವ್ವೋ ಪಾಪ!” ಎಂದು ನನ್ನನ್ನೇ ಗದರಿದ. ನಮ್ಮನೆಯವರು ನಗಲು ದಂಡೆಯ ಮೇಲೆ ಕೂರಬೇಕಾಯಿತು. ಕೂತ ಮೇಲೆ ಏಳಿಸಲು ಅವನನ್ನೇ ಕರೆಯಬೇಕಾಯಿತು.

ಮನೆಯಲ್ಲಿ ಕಂಡದ್ದನ್ನು ನಾನು ಕೆಲಸಕ್ಕೂ ತೆಗೆದುಕೊಂಡು ಹೋದೆ. ಅಲ್ಲಿಯ ತನಕ ಕಾಯಿಲೆಯವರ ಮನೆಗೆ ಹೋದರೆ ಎಲ್ಲಿ ನೋವು, ಮಾತ್ರೆ ನುಂಗಿದಿರಾ ಎಂದು ಕೇಳಿ ಎದ್ದುಬಿಡುತ್ತಿದ್ದೆ. ಇನ್ನೊಂದು ಪ್ರಶ್ನೆ ಸೇರಿಸಿದೆ: ಏನು ಮಾಡಬೇಕೆಂದಿದೆ?

ಬಿಳಿಗೆರೆಯ ಕಡೆ ಚಿಕ್ಕತಾಯಮ್ಮ ಎಂಬ ಮುದುಕಿಗೆ ಉಬ್ಬಸ. ನನ್ನ ಪ್ರಶ್ನೆ ಕೇಳಿ ಅವಳು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು.

“ನನ್ ಸೊಸೇನ ಒಂದೇ ಉಸುರ್ಗೆ ಬೈಬೇಕು ಕಣವ್ವ. ಅರ್ಧಕ್ಕೇ ಉಸ್ರು ನಿಂತೋಯ್ತದೆ. ಅವ್ಳು ಅದ್ನೇ ಕಾಯ್ಕಂಡಿದ್ದು ಎದ್ದೋಯ್ತಾಳೆ.”

ಹೊಗೆಯ ಒಲೆಯಿಂದ ಅವಳ ಹಾಸಿಗೆಯನ್ನು ಆಚೆ ಹಾಕಿಸಿದೆ. ಸೇದುವ ಔಷಧವನ್ನು ಕೆಮ್ಮು ಬಂದಾಗ ಮಾತ್ರವಲ್ಲ, ದಿನವೂ ತೆಗೆದುಕೊಳ್ಳಬೇಕೆಂದು ಡಾಕ್ಟರಿಂದಲೇ ಹೇಳಿಸಿದೆ. ಮುಂಚೆ ಎಷ್ಟು ಹೇಳಿದರೂ ಕೇಳದವಳು ಈಗ ಬೈಗುಳಕ್ಕಾಗಿ ತಪ್ಪದೆ ತೆಗೆದುಕೊಂಡಳು. ಸುಗ್ಗಿ ಮುಗಿದ ಮೇಲೆ ಒಂದು ದಿನ ಅವಳ ಸೊಸೆ ದಾರಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. ಜಗಳಕ್ಕೆ ಬಂದಳೇನೋ ಎಂದು ಹೆದರಿದೆ.

“ಅಕ್ಕಾ, ಇವತ್ತು ಅತ್ತೆ ಪೂರಾ ಬೈದ್ರು ಕಣಕ್ಕ! ನಮ್ ಅಪ್ಪನ್ ಮನೇವ್ರ ತಂಕ ಓದ್ರು, ಒಂದ್ಸಲನೂ ನಿಲ್ಲಿಸ್ನಿಲ್ಲ!” ಅವಳ ಕಣ್ಣಿನಲ್ಲಿ ನೀರಿತ್ತು. ಬೈಸಿಕೊಂಡ ನೋವಿನದಲ್ಲ ಅದು.

ಆಗಿನ ನಮ್ಮ ಡಾಕ್ಟರು ಕಿರಿಯ ವಯಸ್ಸಿನವರು, ನಗುವವರು. ಮೀಟಿಂಗಿನಲ್ಲಿ ನಾನು ಇದನ್ನು ಹೇಳಿದಾಗ, “ಅಲ್ರೀ, ಸೊಸೇನ ಬೈಯೋದನ್ನ ನಾನು ಯಾವ ಕಾಲಮ್ಮಿಗೆ ಹಾಕ್ಲಿ?” ಎಂದರು. ಆಮೇಲೆ ತಮ್ಮ ರೋಗಿಗಳಿಗೂ ಅವರು ಅದೇ ಪ್ರಶ್ನೆ ಕೇಳತೊಡಗಿದರು. ಹೊರಗಿನ ಬೆಂಚಿನಲ್ಲಿ ಕಾಯುವವರು, “ಇವತ್ತು ಡಾಕ್ಟ್ರು ಆಸೆ ಕೇಳ್ತಾವ್ರಂತೆ” ಎಂದು ಮುಂಚೆಯೇ ಯೋಚಿಸಿಕೊಂಡು ಒಳಗೆ ಹೋಗುತ್ತಿದ್ದರು.

ಎಲ್ಲ ಆಸೆಗಳೂ ಔಷಧದ ಜೊತೆ ಹೊಂದುವುದಿಲ್ಲ. ಸಕ್ಕರೆ ಕಾಯಿಲೆಯ ರೈತರೊಬ್ಬರು, ಆಲೆಮನೆಗೆ ನಡೆದು ಹೋಗಿ ಒಂದು ಚೊಂಬು ಕಬ್ಬಿನಹಾಲು ಕುಡಿಯಬೇಕು ಎಂದರು. ಕಾಲಿನ ಹುಣ್ಣು ಮಾಯ್ದರೆ ನಡೆಯುವುದಕ್ಕೆ ಒಪ್ಪಿಗೆ, ಕುಡಿಯುವುದಕ್ಕಿಲ್ಲ ಎಂದೆ. “ಅರ್ಧ ಟಾರ್ಗೆಟ್ ಕೊಡ್ತೀಯಲ್ಲವ್ವ” ಎಂದು ಮುನಿಸಿಕೊಂಡರು. ಹುಣ್ಣು ಮಾಯ್ದ ಮೇಲೆ ನಾನೂ ಜೊತೆಗೆ ಹೋದೆ. ಕೊಪ್ಪರಿಗೆಯಲ್ಲಿ ಬೆಲ್ಲ ಬೇಯುವ ಹಬೆಯಲ್ಲಿ ಅವರು ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಿದ್ದರು. ನಾನು ಬಂದ ಮೇಲೆ ಅವರು ಒಂದು ಗುಟುಕು ಕುಡಿದರೋ ಇಲ್ಲವೋ ಗೊತ್ತಿಲ್ಲ. ಕೇಳಲಿಲ್ಲ.

ಹೀಗೆ ವರ್ಷಗಳು ಕಳೆದವು. ನಮ್ಮನೆಯವರ ನಾರು ಗರ್ಗೇಶ್ವರಿ ದಾಟಿ, ಹೊಳೆಗೆ ಬಾಗಿದ ಒಂದು ಹೊಂಗೆಮರದ ತನಕ ಬಂತು. ಅಲ್ಲಿಂದ ತಿರುಮಕೂಡಲು ಇನ್ನೇನು ದೂರವಿರಲಿಲ್ಲ. ಗಾಳಿ ಈ ಕಡೆ ತಿರುಗಿದರೆ ನರಸೀಪುರದ ಬಸ್ಸಿನ ಹಾರನ್ನು ಕೇಳುತ್ತಿತ್ತು. ಅವತ್ತು ಅವರ ಕಾಲಿನಲ್ಲಿ ಇನ್ನೂ ಶಕ್ತಿಯಿತ್ತು. “ರೀ, ಮುಗಿಸ್ಬುಡೋಣ” ಎಂದೆ. ಅವರು ಕಿವಿಗೊಟ್ಟು ಹಾರನ್ನು ಕೇಳಿಸಿಕೊಂಡರು. “ಚೆನ್ನಾಗೈತೆ. ತಿರುಗು” ಎಂದರು.

ಆಮೇಲೆ ಅಲ್ಲಿಗೆ ಹೋಗಲು ಆಗಲೇ ಇಲ್ಲ. ಕೀಲಿನ ಕಾಯಿಲೆ ಶ್ವಾಸಕೋಶಕ್ಕೆ ಇಳಿಯಿತು. ಮಂಚದಿಂದ ಬಾಗಿಲಿಗೆ ಬರುವಷ್ಟರಲ್ಲಿ ಏದುಸಿರು. ನನಗೆ ಸಂಕಟವಾಗಿ ಒಂದು ದಿನ ಆಟೋ ಕರೆಸಿದೆ. “ಹೊಂಗೆಮರದಿಂದ ಆಚೆಗೆ ಆಟೋದಲ್ಲೇ ಹೋಗಿ ನೋಡ್ಕೊಂಡು ಬರೋಣ. ಯಾರು ಏನಂತಾರೆ?”

“ಯಾರೂ ಏನೂ ಅನ್ನಕಿಲ್ಲ. ಆದ್ರೆ ಆಟೋದಲ್ ಓದ್ರೆ ಅದು ಆಟೋದ್ ಟಾರ್ಗೆಟ್ಟು.”

“ಇಷ್ಟ್ ಹತ್ರ ಬಂದು ಬುಟ್ಬುಡ್ತೀರಾ?” ನನಗೆ ಅಳು ಬಂದಿತ್ತು.

“ಬುಟ್ಟೆ ಅಂದೋರ್ಯಾರು? ಬದ್ಲಾಯಿಸ್ಕೊಂಡೆ. ಈಗ ನಂದು ಆ ಕಿಟಕಿ.”

ಮಂಚದಿಂದ ಕಿಟಕಿಗೆ ನಾಲ್ಕು ಮಾರು ದೂರವಿರಬಹುದು. ಅಲ್ಲಿ ನಿಂತರೆ ಮನೆಗಳ ಸಂದಿಯಲ್ಲಿ ಹೊಳೆಯ ಒಂದು ಚೂರು ಕಾಣುತ್ತದೆ; ಬೆಳಗಿನಲ್ಲಿ ಹಿತ್ತಾಳೆಯ ತಟ್ಟೆಯ ಅಂಚಿನಂತೆ ಮಿನುಗುತ್ತದೆ. ಬಾಳೆಮಂಡಿಯಿಂದ ತಮ್ಮ ತಂದುಕೊಟ್ಟ ನಾರನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದರು. ಮೊದಲು ಮಂಚದ ಕಾಲಿಗೆ ಒಂದು ಗಂಟು ಬಿತ್ತು. ಆಮೇಲೆ ಗೋಡೆಯ ಗೂಟಕ್ಕೆ. ಗೂಟದ ಹತ್ತಿರ ಉಳಿದ ದಿನಗಳೇ ಹೆಚ್ಚು. ಕೊನೆಗೊಂದು ಬೆಳಿಗ್ಗೆ ನಾನು ಬಿಸಿನೀರು ತರುವಷ್ಟರಲ್ಲಿ ಅವರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಗಂಟು ಹಾಕುತ್ತಿದ್ದರು. ನಾನು ಚೊಂಬು ಹಿಡಿದು ಬಾಗಿಲಲ್ಲೇ ನಿಂತೆ. ಹೊರಗೆ ನೀರು ಮಿನುಗುತ್ತಿತ್ತು. ಗಂಟು ಬಿದ್ದ ಮೇಲೆ ತಿರುಗಿ ನನ್ನನ್ನು ನೋಡಿದರು. ಹೊಂಗೆಮರದ ಕೆಳಗೆ ಕಂಡ ಮುಖವೇ ಅದು, ಒಂದಿಷ್ಟೂ ಕಮ್ಮಿಯಿರಲಿಲ್ಲ.

ಆ ಮಳೆಗಾಲ ಮುಗಿಯುವ ಮುಂಚೆ ಅವರು ಹೋದರು. ನಮ್ಮಲ್ಲಿ ಮಣ್ಣು ಮಾಡುವ ಪದ್ಧತಿ. ಹೊಳೆಗೆ ಬಿಟ್ಟು ತಿರುಮಕೂಡಲು ಮುಟ್ಟಿಸಲು ಬೂದಿಯೂ ಉಳಿಯಲಿಲ್ಲ. ಮನೆ ಸುಣ್ಣ ಬಳಿಯಲು ಬಂದವನು ಕಿಟಕಿಯ ನಾರನ್ನು ಕೀಳಲು ಹೋದಾಗ ನಾನು ಕೂಗಿದ ಕೂಗಿಗೆ ಅವನ ಕೈಯಲ್ಲಿದ್ದ ಕುಂಚ ಕೆಳಗೆ ಬಿತ್ತು. ಅದು ಇನ್ನೂ ಅಲ್ಲೇ ಇದೆ.

ಸ್ವಲ್ಪ ದಿನಕ್ಕೆ ನನಗೂ ನಿವೃತ್ತಿಯಾಯಿತು. ಹಾರ ಹಾಕಿದರು, ಮಾತಾಡಿದರು. ಮನೆಗೆ ಬಂದರೆ ಹೇಳಿಕೊಳ್ಳಲು ಮಂಚದ ಮೇಲೆ ಯಾರೂ ಇರಲಿಲ್ಲ. ಬೆಳಿಗ್ಗೆ ಏಳಲು ಕಾರಣವೇ ಸಿಗುತ್ತಿರಲಿಲ್ಲ. ಎದ್ದರೂ ಬಿಸಿನೀರು ಕಾಯಿಸಿಟ್ಟು, ಯಾರಿಗೆ ಎಂದು ನೆನಪಾಗಿ ಹಾಗೇ ಆರಲು ಬಿಡುತ್ತಿದ್ದೆ. ಸಕ್ಕರೆ ಕಾಯಿಲೆಯೂ ಮಂಡಿನೋವೂ ಬಂದು ಸೇರಿಕೊಂಡವು. ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತಿತ್ತು. ಊರಿಗೆಲ್ಲ ಮಾತ್ರೆ ನುಂಗಿಸಿದವಳು ನನಗೇ ನುಂಗಿಸಿಕೊಳ್ಳಲಿಲ್ಲ.

ನಮ್ಮ ಬೀದಿಗೆ ಹೊಸದಾಗಿ ಬಂದಿದ್ದ ಆರೋಗ್ಯ ಸಹಾಯಕಿ ಕವಿತ ಒಂದು ದಿನ ಬಂದು ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಹುಬ್ಬು ಗಂಟಿಕ್ಕಿದಳು. ಮಾತ್ರೆ ಯಾಕೆ ನುಂಗಿಲ್ಲ, ಎಲ್ಲಿ ನೋವು, ಊಟ ಏನು ಎಂದೆಲ್ಲ ಕೇಳಿ ಚೀಲ ಹೆಗಲಿಗೇರಿಸಿದಳು. ಬಾಗಿಲ ತನಕ ಹೋದವಳು ಕಿಟಕಿಯ ಕಡೆ ನೋಡಿ ನಿಂತಳು.

“ಅಕ್ಕ, ಅದೇನು ನಾರು ಕಟ್ಟಿದೀರಲ್ಲ?”

ಹೇಳಿದೆ. ಸಂಜೆಯ ತನಕ ಹೇಳಿದೆ. ಅವಳು ಹೆಗಲಿನ ಚೀಲ ಇಳಿಸಿ ಕೇಳಿದಳು. ಕೊನೆಗೆ ಬಹಳ ಮೆಲ್ಲಗೆ, “ನಿಮಗೇನು ಮಾಡ್ಬೇಕು ಅಂತಿದೆ ಅಕ್ಕ?” ಎಂದಳು.

ಎಷ್ಟು ಜನರನ್ನು ನಾನು ಕೇಳಿದ ಮಾತು. ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅವಳು ಹೋದ ಮೇಲೆ ಡಬ್ಬಿ ತೆಗೆದು ಮಾತ್ರೆ ನುಂಗಿದೆ.

ಮೊದಲು ಬಾಗಿಲ ತನಕ ನಡೆದೆ. ಆಮೇಲೆ ಬೀದಿಯ ತಿರುವು. ಸ್ನಾನಘಟ್ಟ. ಮಂಡಿ ಒಪ್ಪಿದ ಒಂದು ದಿನ ಬಸ್ಸು ಹತ್ತಿ ಗರ್ಗೇಶ್ವರಿಯಲ್ಲಿ ಇಳಿದೆ. ಹೊಂಗೆಮರ ಇತ್ತು, ನಾರು ಇರಲಿಲ್ಲ. ಅದು ಇದ್ದ ಕೊಂಬೆಯನ್ನು ಮುಟ್ಟಿ ಮುಂದಕ್ಕೆ ಹೋದೆ. ಅವರ ಹೆಜ್ಜೆ ಬೀಳದ ದಾರಿ ಅಲ್ಲಿಂದ ಶುರು. ಆದರೂ ಅಭ್ಯಾಸಬಲದಿಂದ ನಾನು ನಿಧಾನವಾಗಿ, ಒಂದು ಹೆಜ್ಜೆ ಹಿಂದೆಯೇ ನಡೆಯುತ್ತಿದ್ದೆ. ಆಮೇಲೂ ಕೆಲವು ಸಲ ಹೋಗಿದ್ದೇನೆ. ಒಂದೊಂದು ಸಲವೂ ಒಂದು ಗಂಟು.

ಮೊನ್ನೆ ಹೋದಾಗ ಒಂದು ತಿರುವಿನಲ್ಲಿ ನೀರು ಇದ್ದಕ್ಕಿದ್ದ ಹಾಗೆ ಅಗಲವಾಯಿತು. ದೂರದಲ್ಲಿ ಎರಡು ಬಣ್ಣ ಅಕ್ಕಪಕ್ಕ ಹೋಗುವುದು ಕಂಡಿತು. ನರಸೀಪುರದ ಬಸ್ಸೊಂದು ಹಾರನ್ನು ಮಾಡಿತು. ಮಂಡಿಯಲ್ಲಿ ನೋವಿರಲಿಲ್ಲ. ಇನ್ನೊಂದಿಷ್ಟು ನಡೆದಿದ್ದರೆ ಸಾಕಿತ್ತು.

ಚೀಲದಿಂದ ಬಾಳೆನಾರು ತೆಗೆದು ಅಲ್ಲಿದ್ದ ಲಕ್ಕಿಗಿಡಕ್ಕೆ ಕಟ್ಟಿದೆ. ಚೆನ್ನಾಗಿತ್ತು. ತಿರುಗಿದೆ.